ಒಂದೇ ಬೀದಿ, ಎರಡು ಸಿನಿಮಾ

ನಮ್ಮ ಇಂಗ್ಲಿಷ್ ಮೇಡಂ ಕೈಯಲ್ಲಿ ಸೀಮೆಸುಣ್ಣ ಹೆಚ್ಚು ಹೊತ್ತು ಉಳಿಯುತ್ತಿರಲಿಲ್ಲ. ಅವರ ಅಂಗೈ ಸದಾ ಬೆವರುತ್ತಿತ್ತು. ಮಾಗಿಯ ಚಳಿಯಲ್ಲೂ ಅಷ್ಟೇ. ಪಾಠ ಅರ್ಧಕ್ಕೆ ಬರುವಷ್ಟರಲ್ಲಿ ಸುಣ್ಣ ಒದ್ದೆಯಾಗಿ ಬೆರಳುಗಳ ನಡುವೆ ಮುರಿದು ಬೀಳುತ್ತಿತ್ತು. ಅದಕ್ಕೇ ಅದಕ್ಕೊಂದು ಕರವಸ್ತ್ರ ಸುತ್ತಿ ಹಿಡಿದು ಬರೆಯುತ್ತಿದ್ದರು. ತೆಳ್ಳಗಿನ ಮೈ, ದಪ್ಪ ಕನ್ನಡಕ, ಪಿನ್ನು ಹಾಕಿ ಬಿಗಿದ ಹತ್ತಿಯ ಸೀರೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ಪುಸ್ತಕ ಬೀಳಿಸಿದರೆ ಎರಡೂ ಭುಜ ಕಿವಿಯವರೆಗೆ ಏರಿ, ನಿಧಾನವಾಗಿ ಇಳಿಯುತ್ತಿದ್ದವು.

ಮೇಡಂ ಅಂಜದ ವಸ್ತು ಇರಲಿಲ್ಲ. ಹಲ್ಲಿಗೆ ಅಂಜುತ್ತಿದ್ದರು, ಗುಡುಗಿಗೆ ಅಂಜುತ್ತಿದ್ದರು, ರಸ್ತೆ ದಾಟುವಾಗ ವಿದ್ಯಾರ್ಥಿನಿಯರ ತೋಳು ಹಿಡಿಯುತ್ತಿದ್ದರು. ಬಸ್ಸು ಹತ್ತಿದರೆ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಅವರ ಊರು ಗಂಗಾವತಿ ಕಡೆಯ ಶ್ರೀರಾಮನಗರ, ಮನೆಮಾತು ತೆಲುಗು. ಕೊಪ್ಪಳದಲ್ಲಿ ಕಾಲೇಜಿನ ಹತ್ತಿರವೇ ಬಾಡಿಗೆ ಕೋಣೆ ಮಾಡಿಕೊಂಡಿದ್ದರು. ಹತ್ತಿರದಲ್ಲೇ ಯಾಕೆ ಎಂದು ಕೇಳಿದರೆ, "ಬಸ್ ಹತ್ತೂದು ತಪ್ಪತೈತಲ್ಲಮ್ಮಾ" ಎನ್ನುತ್ತಿದ್ದರು. ನಮ್ಮ ಕನ್ನಡವನ್ನೇ ಆಡುತ್ತಿದ್ದರು, ಆದರೆ ಪ್ರತಿ ಮಾತಿನ ಕೊನೆಗೊಂದು "ಅಮ್ಮಾ" ಇರುತ್ತಿತ್ತು. ಹುಡುಗರಿಗೂ ಕೂಡ.

ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮೂರು ತಳಕಲ್ಲಿನಿಂದ ಒಳಗೆ. ಬಸ್ಸು ಕ್ರಾಸಿನಲ್ಲಿ ಬಿಡುತ್ತದೆ. ಅಲ್ಲಿಂದ ಜೋಳದ ಹೊಲಗಳ ನಡುವಿನ ದಾರಿಯಲ್ಲಿ ನಡೆಯಬೇಕು. ಅಪ್ಪನದು ಕುರಿ ಹಿಂಡು. ಅವ್ವ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದಳು. ನನ್ನ ಅಕ್ಕನನ್ನು ಹತ್ತನೆಯ ತರಗತಿಯಲ್ಲೇ ಸಾಲಿ ಬಿಡಿಸಿದ್ದರು. ಯಾವನೋ ಒಬ್ಬ ಸಾಲಿಯ ಗೋಡೆಯ ಮೇಲೆ ಇದ್ದಿಲಿನಿಂದ ಅವಳ ಹೆಸರು ಬರೆದಿದ್ದ, ಅಷ್ಟೇ ಕಾರಣ. ಅವಳಿಗೆ ಆ ಹುಡುಗ ಯಾರೆಂದೂ ಗೊತ್ತಿರಲಿಲ್ಲ. ಆ ವರ್ಷವೇ ಕನಕಗಿರಿಗೆ ಮದುವೆ ಮಾಡಿ ಕೊಟ್ಟರು. ಅಪ್ಪ ಕೆಟ್ಟವನಲ್ಲ, ಮಂದಿಯ ಬಾಯಿಗೆ ಅಂಜುವವನು.

ಆ ವರ್ಷ ನಮಗೆ ಸಾಹಿತ್ಯ ಮತ್ತು ಸಿನಿಮಾ ಎಂಬ ಪಾಠವೊಂದು ಇತ್ತು. ಮೇಡಂ ಎರಡು ಸಿನಿಮಾ ತೋರಿಸಿದರು. ಮೊದಲನೆಯದು ಹಾಲಿವುಡ್ಡಿನ ಹಳೆಯ ಕಪ್ಪು ಬಿಳುಪಿನ ಚಿತ್ರ. ಎರಡನೆಯದು ಅದೇ ಕಥೆಯನ್ನು ಎಷ್ಟೋ ವರ್ಷಗಳ ಮೇಲೆ ಬಣ್ಣದಲ್ಲಿ, ಹಾಡು ಕುಣಿತ ತುಂಬಿ ಮತ್ತೆ ತೆಗೆದದ್ದು. ಹೆಸರು ಬರೆಯುವುದಿಲ್ಲ. ಬರೆದರೆ ನೀವು ಮೊಬೈಲಿನಲ್ಲಿ ಹುಡುಕಿ ನೋಡುತ್ತೀರಿ, ನನ್ನ ನೆನಪಿಗೂ ಅದಕ್ಕೂ ತಾಳೆಯಾಗಲಿಕ್ಕಿಲ್ಲ. ಕಥೆ ಇಷ್ಟೇ: ಬಂದರಿನ ಊರೊಂದರಲ್ಲಿ ಟೋಪಿ ಅಂಗಡಿಯಲ್ಲಿ ದುಡಿಯುವ ಹುಡುಗಿ. ದಿನಾ ಸಂಜೆ ಕೆಲಸ ಮುಗಿಸಿ ಉದ್ದನೆಯ ಬೀದಿಯಲ್ಲಿ ಮನೆಗೆ ನಡೆಯುತ್ತಾಳೆ. ಒಬ್ಬ ಗಂಡಸು ಹಿಂದೆ ಬರುತ್ತಾನೆ. ಹಳೆಯ ಚಿತ್ರದಲ್ಲಿ ಆ ಬೀದಿಗೆ ಸಂಗೀತವೇ ಇಲ್ಲ. ಬರೀ ಬೂಟಿನ ಸದ್ದು. ಅವಳ ಸದ್ದು, ಅದರ ಹಿಂದೆ ಅವನದು. ಕೊನೆಗೆ ಬಾಗಿಲಿಗೆ ಬರುತ್ತಾಳೆ, ಕೀಲಿ ತಿರುಗುವುದಿಲ್ಲ, ತಿರುಗುತ್ತದೆ, ಒಳಗೆ ಹೋಗುತ್ತಾಳೆ. ಮುಗಿಯಿತು. ಹೊಸ ಚಿತ್ರದಲ್ಲೂ ಅದೇ ಬೀದಿ. ಆದರೆ ಅವಳು ನಡೆಯತೊಡಗಿದ ಕೂಡಲೇ ಒಂದು ಕಿಟಕಿ ತೆರೆಯುತ್ತದೆ, ಮುದುಕಿಯೊಬ್ಬಳು ಹಾಡು ಎತ್ತುತ್ತಾಳೆ. ಬ್ರೆಡ್ಡಿನವನು ಬರುತ್ತಾನೆ, ಹೂವಿನವಳು ಬರುತ್ತಾಳೆ, ಬೀದಿ ತುಂಬ ಜನ. ಹಿಂದೆ ಬಂದವನು ಆ ಗದ್ದಲದಲ್ಲಿ ಎಲ್ಲಿಯೋ ಕರಗಿಹೋಗುತ್ತಾನೆ.

ಪ್ರೊಜೆಕ್ಟರಿನ ತಂತಿ ಚುಚ್ಚುವುದಕ್ಕೂ ಮೇಡಂ ಅಂಜಿ ಕಟ್ಟಿಗೆಯ ಸ್ಕೇಲಿನಿಂದ ಸ್ವಿಚ್ಚು ಒತ್ತಿದರು. ಹಳೆಯ ಚಿತ್ರದ ಬೂಟಿನ ಸದ್ದು ಬಂದಾಗ ಪರದೆಗೆ ಬೆನ್ನು ಮಾಡಿ ಗೋಡೆ ನೋಡುತ್ತ ನಿಂತರು. ಎಷ್ಟೋ ಸಲ ನೋಡಿದ ಚಿತ್ರವಂತೆ ಅದು.

ಮರುದಿನ ಚರ್ಚೆ. ಹುಡುಗರೆಲ್ಲ ಹಳೆಯದೇ ಛಲೋ ಎಂದರು. ಒಬ್ಬ ಎದ್ದು ನಿಂತು, "ಜೀವಕ್ಕ ಬಂದಾಗ ಯಾರರ ಹಾಡ್ತಾರೇನ್ರಿ ಮೇಡಂ? ಹಾಡಿನ ಸಿನಿಮಾ ಸುಳ್ಳು ಐತ್ರಿ" ಎಂದ. ಎಲ್ಲರೂ ನಕ್ಕರು.

ಮೇಡಂ ಕೇಳಿದರು, "ನಿಮ್ಮೂರಾಗ ಸತ್ತವರ ಮನಿ ಮುಂದ ಭಜನಿ ಮಾಡ್ತಾರಲ್ಲಮ್ಮಾ, ಯಾಕ ಮಾಡ್ತಾರ?"

ಅವನು ಯೋಚಿಸಿ, "ಮನಿಯವ್ರಿಗೆ ಅಂಜಿಕಿ ಆಗಬಾರದಂತ್ರಿ" ಎಂದ.

"ಹಂಗಾದ್ರ ಅದು ಸುಳ್ಳೇನು?"

ಅವನು ಕುಳಿತ. ಇನ್ನೊಬ್ಬ ಎದ್ದ. "ಅದಿರ್ಲಿ ಬಿಡ್ರಿ ಮೇಡಂ. ಹಳೇ ಸಿನಿಮಾದಾಗ ಆ ಹುಡುಗೀದ ತಪ್ಪು. ಹೊಳ್ಳಿ ನೋಡಿ ಒಂದ್ ಸಲ ಒದರಿದ್ರ ಆಂವ ಓಡಿಹೋಗ್ತಿದ್ದ."

ಕಾಲೇಜಿನಲ್ಲಿ ನಾನು ಎಂದೂ ಎದ್ದು ಮಾತಾಡಿದವಳಲ್ಲ. ಅವತ್ತು ಹೇಗೆ ಎದ್ದೆನೋ ಗೊತ್ತಿಲ್ಲ. "ಒದರಿದ್ರ ಎಲ್ಲಾರೂ ಆಕಿ ಕಡೆ ನೋಡ್ತಾರ್ರಿ. ಆಂವನ ಕಡೆ ಯಾರೂ ನೋಡಂಗಿಲ್ಲ" ಎಂದೆ. ನನ್ನ ದನಿ ನನಗೇ ಬೇರೆಯವರದು ಎನ್ನಿಸಿತು. ಕೂಡುವಾಗ ಬೆಂಚು ಕಿರ್ರೆಂದಿತು. ಮೇಡಂ ಭುಜ ಏರಿಸಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ತರಗತಿ ಮುಗಿದ ಮೇಲೆ ವರಾಂಡದ ಕೊನೆಗೆ ಕರೆದರು. "ಅದು ಸಿನಿಮಾ ನೋಡಿ ಹೇಳಿದ ಮಾತಲ್ಲ. ಯಾರಮ್ಮಾ ಆಂವ?"

ಹೇಳಿಬಿಟ್ಟೆ. ಪಕ್ಕದ ಊರಿನವನು, ಲಾರಿ ಇರುವ ಮನೆಯ ಮಗ. ದೀಪಾವಳಿ ಕಳೆದಾಗಿನಿಂದ ಕ್ರಾಸಿನ ಚಹಾದಂಗಡಿಯ ಮುಂದೆ ಬೈಕಿನ ಮೇಲೆ ಕುಳಿತಿರುತ್ತಿದ್ದ. ನಾನು ಇಳಿದು ನಡೆಯತೊಡಗಿದರೆ ಬೈಕು ಶುರು ಮಾಡುತ್ತಿದ್ದ. ಮುಂದೆ ಹೋಗುತ್ತಿರಲಿಲ್ಲ. ನನ್ನ ಹೆಜ್ಜೆಯ ವೇಗಕ್ಕೆ ಗುರ್ರೆನ್ನಿಸುತ್ತ ಹಿಂದೆಯೇ ಬರುತ್ತಿದ್ದ. ಹೊತ್ತು ಮುಳುಗುವ ಹೊತ್ತು, ಹೆಡ್‌ಲೈಟು ಹಾಕುತ್ತಿದ್ದ. ನನ್ನ ನೆರಳು ದಾರಿಯುದ್ದಕ್ಕೂ ನನ್ನ ಮುಂದೆ ಚಾಚಿಕೊಳ್ಳುತ್ತಿತ್ತು. ನಾನು ನಿಂತರೆ ಅವನೂ ನಿಲ್ಲುತ್ತಿದ್ದ. ಓಡಿದರೆ ನೆರಳು ಕುಣಿಯುತ್ತಿತ್ತು, ಹಿಂದಿನಿಂದ ನಗು ಕೇಳುತ್ತಿತ್ತು. ಊರಿನ ಮೊದಲ ಮನೆ ಕಂಡ ಕೂಡಲೇ ತಿರುಗಿಸಿಕೊಂಡು ಹೋಗುತ್ತಿದ್ದ. ಆ ವಾರ ಮಾತ್ರ ಬೈಕನ್ನು ಪಕ್ಕಕ್ಕೆ ತಂದು, "ನಿಮ್ಮಪ್ಪಗ ಹೇಳ್ತೀಯೇನು? ಹೇಳು. ನಾನೂ ಹೇಳ್ತೀನಿ, ನೀನ ಬಾ ಅಂತ ಕರದಿ ಅಂತ" ಎಂದಿದ್ದ. ಅಂದಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಜೋಳದ ತೆನೆ ಅಲುಗಿದರೂ ಎದೆ ಹಾರುತ್ತಿತ್ತು.

ಅಂಜಬೇಡ ಎಂದು ಮೇಡಂ ಹೇಳುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಚಿಕೊಂಡಿತ್ತು. "ನಂಗ ಕೇಳಿದ್ರನ ಕೈಕಾಲು ನಡಗ್ತಾವಮ್ಮಾ" ಎಂದರು. ಆಮೇಲೆ, "ಇವತ್ತು ಎಷ್ಟು ಗಂಟೆ ಬಸ್ಸಿಗೆ ಹೋಗ್ತಿ? ನಾನೂ ಬರ್ತೀನಿ" ಎಂದರು.

ಬಂದರು. ಕೊಪ್ಪಳದಿಂದ ಕ್ರಾಸಿನವರೆಗೆ ಕಣ್ಣು ತೆರೆಯಲಿಲ್ಲ. ಇಳಿದಾಗ ಅವನು ಅಲ್ಲೇ ಇದ್ದ. ನಾವಿಬ್ಬರೂ ದಾರಿ ಹಿಡಿದೆವು, ಹಿಂದೆ ಬೈಕು ಗುರ್ರೆಂದಿತು, ಬೆಳಕು ಬಿತ್ತು. ಆ ಸಂಜೆ ಎರಡು ನೆರಳು. ಮೇಡಂ ನನ್ನ ಮಣಿಕಟ್ಟು ಹಿಡಿದಿದ್ದರು, ಹಿಡಿತ ಜಾರುತ್ತಿತ್ತು, ಮತ್ತೆ ಮತ್ತೆ ಹಿಡಿಯುತ್ತಿದ್ದರು. ಸಣ್ಣ ಸೇತುವೆಯ ಹತ್ತಿರ ಅವನು ಪಕ್ಕಕ್ಕೆ ಬಂದ.

"ಇವ್ರ್ಯಾರು?"

"ನಾನು... ಇಕೀ ಮೇಡಂ" ಎಂದರು.

ಅವನು ಬಹಳ ಮರ್ಯಾದೆಯಿಂದ ನಕ್ಕ. "ಬರ್ರಿ ಬರ್ರಿ. ಇವತ್ತೇನೋ ಬಂದೀರಿ. ದಿನಾ ಬರ್ತೀರೇನ್ರಿ ಮೇಡಂ?"

ಅವನು ತಿರುಗಿಸಿಕೊಂಡು ಹೋದ ಮೇಲೆ ಮೇಡಂ ಸೇತುವೆಯ ಕಟ್ಟೆ ಹಿಡಿದು ವಾಂತಿ ಮಾಡಿಕೊಂಡರು. ನಾನು ಅವರ ಬೆನ್ನು ನೀವಿದೆ. ಇವರನ್ನು ನಂಬಿ ಬಂದೆನಲ್ಲ, ಇನ್ನು ಯಾರೂ ಉಳಿಯಲಿಲ್ಲ ಎಂದು ನನ್ನ ಭಯ ಇಮ್ಮಡಿಯಾಯಿತು.

ಅವರು ಬಾಯಿ ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತರು. "ಆಂವ ಹೇಳಿದ್ದು ಖರೇನ ಐತಿ. ನಾವಿಬ್ಬರ ಇದ್ರ ಆಗಂಗಿಲ್ಲ. ಮನಿಯಾಗ ಯಾರಿಗೆ ಹೇಳೂಣು, ನೀನ ಹೇಳು."

"ಅಪ್ಪಗ ಬ್ಯಾಡ್ರಿ. ಕಾಲೇಜು ಬಿಡಸ್ತಾನ."

"ಅವ್ವಗ?"

ಅವ್ವ ಹಿತ್ತಲಲ್ಲಿ ಆಡಿನ ಹಾಲು ಕರೆಯುತ್ತಿದ್ದಳು. ಮೇಡಂ ಅವಳ ಪಕ್ಕ, ಸಗಣಿ ನೆಲದ ಮೇಲೇ ಕುಳಿತು ಮೆಲ್ಲಗೆ ಹೇಳಿದರು. ಹಾಲಿನ ಧಾರೆ ನಿಂತಿತು. ಅವ್ವ ಬೈಯಲಿಲ್ಲ, ಅಳಲಿಲ್ಲ, ಮೊದಲೇ ಯಾಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ. "ನಾಳೆ ಬಸ್ಸು ಎಷ್ಟೊತ್ತಿಗೆ ಬರತೈತಿ?" ಎಂದು ಕೇಳಿ ಮತ್ತೆ ಕರೆಯತೊಡಗಿದಳು.

ಮರುದಿನ ಮೇಡಂ ಮತ್ತೆ ಬಸ್ಸು ಹತ್ತಿದರು. ಬೇಡ ಎಂದೆ. "ದಿನಾ ಬರ್ತೀರೇನು ಅಂತ ಕೇಳ್ಯಾನಲ್ಲಮ್ಮಾ, ಜವಾಬು ಕೊಡಬೇಕಲ್ಲ" ಎಂದು ಕಂಬಿ ಹಿಡಿದು ಕಣ್ಣು ಮುಚ್ಚಿದರು.

ಕ್ರಾಸಿನಲ್ಲಿ ಇಳಿದರೆ ರಸ್ತೆಯ ಬದಿಗೆ ಅವ್ವನ ಕಳೆ ಗುಂಪಿನ ಹೆಂಗಸರೆಲ್ಲ ಕುಳಿತಿದ್ದರು. ಕುಡುಗೋಲು, ಬುತ್ತಿಯ ಗಂಟು, ತಲೆಗೆ ಸುತ್ತಿದ ಗಂಡಸರ ಅಂಗಿ, ಎಲ್ಲ ಹಾಗೇ ಇತ್ತು. ಹೊಲದಿಂದ ನೇರ ಬಂದಿದ್ದರು. ಬೈಕಿನ ಮೇಲೆ ಕುಳಿತವನನ್ನು ಸುಮ್ಮನೆ ನೋಡುತ್ತಿದ್ದರು. ನಾವು ನಡೆದೆವು. ಅವರು ಎದ್ದು ನಮ್ಮ ಸುತ್ತ ನಡೆದರು. ಅವನು ಬೈಕು ಶುರು ಮಾಡಿದ. ಬೆಳಕು ಬಿದ್ದಾಗ ದಾರಿಯ ತುಂಬ ನೆರಳು, ನನ್ನದು ಯಾವುದೆಂದು ತಿಳಿಯಲಿಲ್ಲ. ಎಲ್ಲರಿಗಿಂತ ಹಿಂದಿದ್ದ ಮುದುಕಿ ನಿಂತು ತಿರುಗಿ, ಬೈಕಿನ ಮೂತಿಗೆ ಅಡ್ಡ ನಿಂತಳು.

"ಯಾರ ಮಗನೋ ನೀನು?"

ಅವನು ಬೈಕು ಗುರ್ರೆನ್ನಿಸಿದ.

"ನಾ ಬಲ್ಲೆ. ನೀ ಹುಟ್ಟಿದಾಗ ನಿಮ್ಮವ್ವಗ ಬಾಣಂತಿ ನೀರು ಎರದಾಕಿ ನಾನ. ಇಲ್ಲಿ ನಿಂದೇನ್ ಕೆಲಸ ಐತಿ ಹೇಳು. ನಿಮ್ಮವ್ವನ್ನ ಕರಸ್ಲ್ಯಾ?"

ಅವನ ಕಣ್ಣು ಗುಂಪಿನ ಮೇಲೆಲ್ಲ ಓಡಿ ಮೇಡಂ ಮೇಲೆ ನಿಂತಿತು. ಆ ನೋಟ ನನಗೆ ಇಂದಿಗೂ ಮರೆತಿಲ್ಲ. ಮೇಡಂ ನನ್ನ ಹಿಂದೆ ಸರಿದರು, ಆದರೆ ಅಲ್ಲಿಂದಲೇ, "ದಿನಾ ಬರ್ತೀನಪಾ" ಎಂದರು. ಅದು ಬೇರೆ ಯಾರಿಗಾದರೂ ಕೇಳಿಸಿತೋ ಇಲ್ಲವೋ. ನನಗೆ ಕೇಳಿಸಿತು. ಅವನು ಬೈಕು ತಿರುಗಿಸಿದ.

ಸಿನಿಮಾದಲ್ಲಿ ಆದ ಹಾಗೆ ಯಾರೂ ಹಾಡಲಿಲ್ಲ. ಊರು ಮುಟ್ಟುವವರೆಗೆ ಕಳೆಯ ಮಾತು, ನೋಯುವ ಸೊಂಟದ ಮಾತು ಆಡುತ್ತ ನಡೆದರು. ನನಗಾಗಿ ಬಂದಿದ್ದೇವೆ ಎಂದು ಒಬ್ಬರೂ ಅನ್ನಲಿಲ್ಲ.

ಆದರೆ ಇಷ್ಟು ಜನಕ್ಕೆ ಗೊತ್ತಾದ ಮೇಲೆ ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ನಾವು ಬಂದಾಗ ಅವನು ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. ಅಕ್ಕನ ಸಾಲಿ ಬಿಡಿಸಿದ ದಿನವೂ ಹೀಗೇ ಕುಳಿತಿದ್ದ. ಬೈಕಿನ ಬೆಳಕಿಗಿಂತ ಆ ಕಂಬಳಿಯೇ ನನ್ನನ್ನು ಹೆಚ್ಚು ಹೆದರಿಸಿತು.

"ಕಾಲೇಜು ಸಾಕು" ಎಂದ. ನನ್ನ ಕಡೆ ನೋಡಲಿಲ್ಲ. "ನಾಳೆ ಏನರ ಆದ್ರ ಯಾರಿಗೆ ಕೇಳೂದ್ರಿ ಮೇಡಂ?"

ಮೇಡಂ ಕಟ್ಟೆಯ ಕೆಳಗೆ ನಿಂತಿದ್ದರು. ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. "ಏನೂ ಆಗಂಗಿಲ್ಲ ಅಂತ ನಾ ಹೇಳಂಗಿಲ್ರೀ. ನಂಗೂ ನಿಮ್ಮಷ್ಟ ಅಂಜಿಕಿ ಐತಿ. ನಿನ್ನಿ ರಾತ್ರಿ ನಿದ್ದಿ ಇಲ್ಲ."

"ಮತ್ತ?"

"ಆಕೀನ ಮನಿಯಾಗ ಕುಂದರಿಸಿದ್ರ, ಆಂವಗ ನಿಮ್ಮ ಮನಿ ಗೊತ್ತಿಲ್ಲೇನ್ರಿ?"

ಅಪ್ಪ ತಲೆ ಎತ್ತಿದ. ಆ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ. ಹಟ್ಟಿಯಲ್ಲಿ ಕುರಿಗಳು ಮಿಸುಕಾಡುತ್ತಿದ್ದವು. ಕೊನೆಗೆ ಅವನು ಎದ್ದು, "ಮೇಡಮ್ಮಾರಿಗೆ ಊಟಕ್ಕ ಹಾಕ್ರಿ. ನಾ ಯಾರದರ ಗಾಡಿ ಇಸ್ಕೊಂಡು ಕ್ರಾಸಿಗೆ ಬಿಟ್ಟು ಬರ್ತೀನಿ" ಎಂದ. ಕಾಲೇಜಿನ ಮಾತು ಮತ್ತೆ ಎತ್ತಲಿಲ್ಲ. ಮರುದಿನ ನಾನು ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಅವನ ಮುಂದೆಯೇ ಹಾದುಹೋದೆ. ಬೀಡಿ ಹಚ್ಚುತ್ತಿದ್ದ, ಹಚ್ಚುತ್ತಲೇ ಇದ್ದ.

ಅದೇ ಸಂಜೆಯಿಂದ ಅಪ್ಪ ಕುರಿ ಮೇಯಿಸುವ ದಾರಿ ಬದಲಿಸಿದ. ನಾನು ಬಸ್ಸಿಳಿಯುವ ಹೊತ್ತಿಗೆ ಹಿಂಡು ಸರಿಯಾಗಿ ಕ್ರಾಸಿನ ದಾರಿಯಲ್ಲಿರುತ್ತಿತ್ತು, ಈ ಹೊಲದಿಂದ ಆ ಹೊಲದವರೆಗೆ ರಸ್ತೆ ತುಂಬಿಕೊಂಡು. ಎತ್ತಿನ ಬಂಡಿಯಿರಲಿ, ಬೈಕೂ ದಾಟುವ ಹಾಗಿರಲಿಲ್ಲ. ಧೂಳಿನಲ್ಲಿ ಅವನು ಮುಂದೆ, ನಾನು ಹಿಂದೆ ನಡೆಯುತ್ತಿದ್ದೆವು. ಮೇಡಂ ಪರೀಕ್ಷೆ ಬರುವವರೆಗೂ ಆಗಾಗ ಬರುತ್ತಿದ್ದರು. ಕುರಿಗೂ ಅಂಜುತ್ತಿದ್ದರು, ಹಿಂಡಿನಿಂದ ದೂರ, ಬದುವಿನ ಮೇಲೆ ನಡೆಯುತ್ತಿದ್ದರು.

ಅವನು ಚಹಾದಂಗಡಿಯ ಮುಂದೆ ಕೂಡುವುದು ನಿಂತಿತು. ಆಮೇಲೆ ಒಂದು ಸಲ ಬಸ್ಸಿನಲ್ಲಿ ಕಂಡ. ನನಗಿಂತ ಮುಂದಿನ ಸೀಟಿನಲ್ಲಿ ಕುಳಿತಿದ್ದ, ತಿರುಗಿ ನೋಡಲಿಲ್ಲ. ಆದರೂ ನಾನು ಎರಡು ನಿಲ್ದಾಣ ಮೊದಲೇ ಇಳಿದು, ಹಿಂದಿನ ಬಸ್ಸು ಬರುವವರೆಗೆ ರಸ್ತೆಯ ಮೇಲೆ ನಿಂತೆ. ಅದನ್ನು ಹೇಳಿದಾಗ ಮೇಡಂ, "ಅದು ಹೋಗಂಗಿಲ್ಲಮ್ಮಾ. ಸಣ್ಣದಾಗತೈತಿ, ಮೂಲಿಯಾಗ ಕುಂದರತೈತಿ" ಎಂದರು. ತಮ್ಮದು ಯಾವ ಮೂಲೆಯಲ್ಲಿ ಕುಳಿತಿದೆ ಎಂದು ಅವರು ಹೇಳಲಿಲ್ಲ.

ಮುಂದೆ ನಾನು ಓದು ಮುಗಿಸಿ ಕುಷ್ಟಗಿಯಲ್ಲಿ ಹೈಸ್ಕೂಲು ಶಿಕ್ಷಕಿಯಾದೆ. ಮೇಡಂ ಗಂಗಾವತಿಗೆ ವರ್ಗ ಮಾಡಿಸಿಕೊಂಡು ಶ್ರೀರಾಮನಗರದಲ್ಲಿ ತಂಗಿಯ ಮನೆಯಲ್ಲಿದ್ದರು. ಹೋದ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ನೋಡಲು ಹೋದಾಗ ಕಿಟಕಿಯ ಹತ್ತಿರ ಮಲಗಿದ್ದರು. ಹೊರಗೆ ಕಾಲುವೆ ನೀರು ಬಿಟ್ಟು ನಾಟಿ ನಡೆದಿತ್ತು. ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿದಾಗ ಕೂಗಿಕೊಂಡದ್ದನ್ನು ತಾವೇ ಹೇಳಿ ನಕ್ಕರು. ನಗು ಕೆಮ್ಮಾಯಿತು.

"ಅಂಜಿಕಿ ಬರಾಕತ್ತೈತಮ್ಮಾ" ಎಂದರು.

ನಾನು ಅಂಜಬೇಡಿ ಎನ್ನಲಿಲ್ಲ. ಅವರಿಂದ ಕಲಿತದ್ದಿದ್ದರೆ ಅದೊಂದೇ. "ನಂಗೂ ಬರಾಕತ್ತೈತ್ರಿ" ಎಂದೆ.

ಸ್ವಲ್ಪ ಹೊತ್ತಿನ ಮೇಲೆ, "ಮೊಬೈಲಿನಾಗ ಆ ಸಿನಿಮಾ ಹಚ್ಚು" ಎಂದರು. ನಾನು ಬಣ್ಣದ್ದನ್ನು ಹುಡುಕಿ ಕೈಗೆ ಕೊಡಲು ಹೋದೆ. ಕಿಟಕಿ ತೆರೆದು ಹಾಡು ಎತ್ತುವ ಮುದುಕಿಯನ್ನು ಅವರು ನೋಡಲಿ ಎಂದು. ತಲೆಯಾಡಿಸಿದರು.

"ಹಾಡಿಂದು ಬ್ಯಾಡಮ್ಮಾ. ಹಳೇದು ಹಚ್ಚು."

"ಅದು ನೋಡಾಕ ನೀವು ಅಂಜ್ತಿದ್ರಿ."

"ಈಗೂ ಅಂಜ್ತೀನಿ. ಅದರಾಗ ಆಕಿ ಒಬ್ಬಾಕಿನ ಹೋಗ್ತಾಳ. ಆದ್ರ ಮನಿ ಮುಟ್ತಾಳ. ಅದನ್ನ ನೋಡಬೇಕು."

ದಿಂಬಿಗೆ ಒರಗಿಸಿ ನೋಡಿದೆವು. ಬೂಟಿನ ಸದ್ದು ಬಂತು. ಈ ಸಲ ಮೇಡಂ ಮುಖ ತಿರುಗಿಸಲಿಲ್ಲ. ಉಸಿರು ಜೋರಾಯಿತು, ರೆಪ್ಪೆ ಅದುರಿದವು, ಆದರೂ ಅವಳು ಕೀಲಿ ತಿರುಗಿಸಿ ಬಾಗಿಲು ಮುಚ್ಚುವವರೆಗೆ ನೋಡಿದರು. ಆಮೇಲೆ ನೀರು ಕೇಳಿದರು.

ತಿಂಗಳು ತುಂಬುವ ಮೊದಲೇ ಹೋದರು. ಸುದ್ದಿ ಬಂದಾಗ ನಾನು ಪಾಠ ಮಾಡುತ್ತಿದ್ದೆ. ಕುಷ್ಟಗಿಯಿಂದ ಬಸ್ಸು ಬದಲಿಸಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಂಗಳದ ಶಾಮಿಯಾನದ ಕೆಳಗೆ ಕಾಲೇಜಿನವರು, ಹಳೆಯ ವಿದ್ಯಾರ್ಥಿಗಳು ಕುಳಿತಿದ್ದರು. ಒಬ್ಬೊಬ್ಬರೇ ಎದ್ದು ಎರಡು ಮಾತಾಡಿದರು. ರೋಗವನ್ನು ಎಷ್ಟು ಧೈರ್ಯದಿಂದ ಎದುರಿಸಿದರು, ಎಂಥ ಗಟ್ಟಿ ಹೆಣ್ಣುಮಗಳು, ಸಾವಿಗೂ ಅಂಜಲಿಲ್ಲ ಎಂದು ಎಲ್ಲರೂ ಒಂದೇ ಬಗೆಯಲ್ಲಿ ಹೇಳಿದರು. ಮೇಡಂ ತಂಗಿ ಗೋಡೆಗೆ ಒರಗಿ, ಯಾರ ಬಗ್ಗೆಯೋ ಕೇಳುತ್ತಿರುವವರ ಹಾಗೆ ಕುಳಿತಿದ್ದರು.

ಜನ ಕರಗಿದ ಮೇಲೆ ನನ್ನ ಪಕ್ಕಕ್ಕೆ ಬಂದು ಕುಳಿತರು. ಕಣ್ಣು ಒಣಗಿದ್ದವು.

"ಅಕ್ಕ ಭಾಳ ಧೈರ್ಯಸ್ಥಳು ಅಂತ ಎಲ್ಲಾರೂ ಹೇಳಿ ಹೋದ್ರು. ನಿಮಗೂ ಹಂಗ ಅನಸ್ತೈತೇನ್ರಿ?"

"ಇಲ್ರೀ" ಎಂದೆ. "ನಮ್ಮ ಮೇಡಂ ಭಾಳ ಅಂಜಬುರಕಿ ಇದ್ರು."

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ನಗುನಗುತ್ತಲೇ ಅಳು ಒಡೆಯಿತು. "ಹೌದಲ್ಲ? ಹೌದಲ್ಲ?" ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದರು. ಚಿಕ್ಕಂದಿನಲ್ಲಿ ಅಕ್ಕ ಕಪ್ಪೆಗೆ ಅಂಜಿ ಗದ್ದೆಯ ಬದುವಿನ ಮೇಲೆ ನಿಂತು ಅತ್ತದ್ದನ್ನು ಹೇಳಿದರು. ನಾನು ಪ್ರೊಜೆಕ್ಟರಿನ ಸ್ಕೇಲಿನದು ಹೇಳಿದೆ. ಅವರು ಇನ್ನೊಂದು ಹೇಳಿದರು. ಗಂಗಾವತಿಗೆ ಹೋಗುವ ಕೊನೆಯ ಬಸ್ಸು ಹಾರ್ನು ಹಾಕಿ ಮನೆಯ ಮುಂದೆಯೇ ಹಾದುಹೋಯಿತು. ನಾವಿಬ್ಬರೂ ಏಳಲಿಲ್ಲ.